ಅರಸ ಬಾರದ ಊರಲ್ಲಿ ಏಳು ದಿನ

ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅವಳು ನಮ್ಮನ್ನು ಗ್ಯಾಲ್ವೆಸ್ಟನ್ ಬೀಚಿಗೆ ಕರೆದುಕೊಂಡು ಹೋಗಿದ್ದಳು. ಇದು ಯಾರ ಹೆಸರು ಅಂತ ಸುಮ್ನೆ ಕೇಳಿದೆ. ಮೊಬೈಲ್ ನೋಡಿ ಹೇಳಿದಳು: ಬರ್ನಾರ್ಡೊ ದೆ ಗಾಲ್ವೆಸ್. ಮೆಕ್ಸಿಕೊದಲ್ಲಿ ಸ್ಪೇನ್ ರಾಜನ ವೈಸ್‌ರಾಯ್ ಆಗಿದ್ದವನು. ಅವನಿಗಿಂತ ಮುಂಚೆ ಅವನ ಅಪ್ಪ ಅದೇ ಕುರ್ಚಿಯಲ್ಲಿದ್ದ. ಇಬ್ಬರಿಗೂ ಮೇಲೆ, ಸ್ಪೇನಿನಲ್ಲಿ ಈ ದೇಶಗಳನ್ನೆಲ್ಲ ನೋಡಿಕೊಳ್ಳುವ ಮಂತ್ರಿಯಾಗಿ ಚಿಕ್ಕಪ್ಪ.

'ಒಳ್ಳೇ ಪೋಸ್ಟಿಂಗ್' ಅಂದೆ.

ನಾನು ಕಂದಾಯ ಇಲಾಖೆಯಲ್ಲಿ 34 ವರ್ಷ ದುಡಿದವನು. ಶಿರಸ್ತೇದಾರನಾಗಿ ನಿವೃತ್ತಿ. ಚಾರ್ಜ್ ಕೊಡುವುದು, ಚಾರ್ಜ್ ತೆಗೆದುಕೊಳ್ಳುವುದು, ಆಡಿಟ್, ವರ್ಗಾವಣೆ, ಮೂಗರ್ಜಿ, ಇವೇ ನನ್ನ ಬದುಕು. ಸಾವಿರಾರು ಮೈಲಿ ಆಚೆ ಕೂತ ರಾಜ ಮುನ್ನೂರು ವರ್ಷ ಒಂದು ದೇಶವನ್ನು ಬರೀ ನೌಕರರನ್ನಿಟ್ಟುಕೊಂಡು ಹೇಗೆ ಆಳಿದ ಅಂತ ಕುತೂಹಲ ಹತ್ತಿತು. ಮಗಳು ಒಂದು ವಾರ ರಜೆ ಹಾಕಿದಳು. ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ ಅಂತ ಗೊತ್ತಾದ ಮೇಲೆ ಹೆಂಡತಿಯೂ ಒಪ್ಪಿದಳು.

ಮೊದಲ ದಿನ, ಮಂಗಳವಾರ

ಮೆಕ್ಸಿಕೊ ಸಿಟಿ ಸಮುದ್ರ ಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಹೋಟೆಲಿನ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು. ಸಂಜೆ ನಿಧಾನವಾಗಿ ನಡೆದುಕೊಂಡು ಸೊಕಾಲೊಗೆ ಹೋದೆವು. ಊರ ನಡುವಿನ ದೊಡ್ಡ ಚೌಕ ಅದು. ಒಂದು ಬದಿಗೆ ಕೆಥೆಡ್ರಲ್. ಇನ್ನೊಂದು ಬದಿಗೆ ಪೂರ್ತಿ ಉದ್ದಕ್ಕೂ ಕೆಂಪು ಕಲ್ಲಿನ ಅರಮನೆ.

ಆ ಜಾಗದಲ್ಲಿ ಮೊದಲು ಅಜ್ಟೆಕ್ ದೊರೆ ಮೊಕ್ಟೆಜುಮನ ಅರಮನೆ ಇತ್ತು. ಅವನ ರಾಜ್ಯವನ್ನು ಗೆದ್ದ ಎರ್ನಾನ್ ಕೊರ್ಟೆಸ್ ಅದನ್ನು ಕೆಡವಿ ತನ್ನ ಮನೆ ಕಟ್ಟಿಸಿಕೊಂಡ. 1562ರಲ್ಲಿ ಅವನ ಮಗನಿಂದ ಸರ್ಕಾರ ಕೊಂಡುಕೊಂಡಿತು. ಅಲ್ಲಿಂದ 1821ರವರೆಗೆ ವೈಸ್‌ರಾಯ್‌ಗಳು ಅಲ್ಲಿದ್ದರು. ಈಗ ಮೆಕ್ಸಿಕೊದ ಅಧ್ಯಕ್ಷರು ಅಲ್ಲೇ ಇರುತ್ತಾರೆ. ಕಾವಲು ಜಾಸ್ತಿ. ನಾವು ಹೊರಗಿನಿಂದಲೇ ನೋಡಿದೆವು.

ವೈಸ್‌ರಾಯ್ ಮನೆ, ದೊಡ್ಡ ಕೋರ್ಟು, ಖಜಾನೆ, ಜೈಲು ಎಲ್ಲಾ ಒಂದೇ ಸೂರಿನಡಿ ಇದ್ದವು. 'ಅಂದ್ರೆ ಡಿಸಿ ಆಫೀಸು, ಡಿಸಿ ಬಂಗಲೆ, ಸಬ್ ಜೈಲು ಎಲ್ಲಾ ಒಂದೇ ಕಾಂಪೌಂಡು' ಅಂದಳು ಹೆಂಡತಿ. ಅವಳಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ.

ಒಬ್ಬನೇ ವೈಸ್‌ರಾಯ್‌ಗೆ ಐದು ಹುದ್ದೆ. ಅವನೇ ಗವರ್ನರ್, ಅವನೇ ಸೇನೆಗೆ ದೊಡ್ಡವನು, ಅವನೇ ಖಜಾನೆಗೆ ಮೇಲ್ವಿಚಾರಕ. ಚರ್ಚಿನ ವಿಷಯದಲ್ಲೂ ರಾಜನ ಪರವಾಗಿ ಅವನದೇ ಮಾತು. ಆಡಿಯೆನ್ಸಿಯಾ ಅಂತ ಕರೆಯುವ ಆ ದೊಡ್ಡ ಕೋರ್ಟಿಗೂ ಅವನೇ ಅಧ್ಯಕ್ಷ. ಇಷ್ಟು ಕೇಳಿದರೆ ಅವನೇ ರಾಜ ಅನ್ನಿಸುತ್ತೆ, ಅಲ್ವಾ? ಆದರೆ ಕಾನೂನು ಓದಿದವನಲ್ಲದಿದ್ದರೆ ಆ ಕೋರ್ಟಿನ ಕೇಸುಗಳಲ್ಲಿ ಅವನಿಗೆ ವೋಟಿಲ್ಲ. ನ್ಯಾಯಾಧೀಶರು ಅವನಿಗೆ ಹೇಳದೆ ಕೇಳದೆ ನೇರವಾಗಿ ರಾಜನಿಗೆ ಪತ್ರ ಬರೆಯಬಹುದು. ಬಿಷಪ್ ಬರೆಯಬಹುದು. ಖಜಾನೆಯವರೂ ಬರೆಯಬಹುದು. ಎಲ್ಲರೂ ಬರೆಯುತ್ತಿದ್ದರು. ಈ ಪತ್ರಗಳನ್ನೆಲ್ಲ ಓದಲಿಕ್ಕೆಂದೇ ಸ್ಪೇನಿನಲ್ಲಿ 1524ರಿಂದ 'ಇಂಡೀಸ್ ಮಂಡಳಿ' ಅಂತ ಒಂದು ಕಚೇರಿಯೇ ಇತ್ತು. ಇಂಡೀಸ್ ಅಂದರೆ ಅವರ ಲೆಕ್ಕದಲ್ಲಿ ಅಮೆರಿಕದ ಈ ನಾಡುಗಳು.

ರಾಜ ವೈಸ್‌ರಾಯ್‌ನನ್ನು ನಂಬಿ ಕಳಿಸಲಿಲ್ಲ. ಒಬ್ಬರನ್ನೊಬ್ಬರು ನಂಬದಂತೆ ಎಲ್ಲರನ್ನೂ ಕಳಿಸಿದ. ವಾರವಿಡೀ ಎಲ್ಲಿ ಹೋದರೂ ನನಗೆ ಇದೇ ಕಾಣುತ್ತಿತ್ತು.

ಎರಡನೇ ದಿನ, ಬುಧವಾರ

ಬೆಳಿಗ್ಗೆ ಸಾಂತೊ ದೊಮಿಂಗೊ ಚೌಕಕ್ಕೆ ಹೋದೆವು. ನನಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಿಡಿಸಿದ ಜಾಗ ಇದೇ. ಒಂದು ಕಡೆ ಹಳೇ ಸುಂಕದ ಕಟ್ಟೆ, ಮೂಲೆಯಲ್ಲಿ ಇನ್ಕ್ವಿಸಿಷನ್, ಅಂದರೆ ಧರ್ಮ ಮೀರಿದವರನ್ನು ವಿಚಾರಿಸುವ ಕೋರ್ಟಿನ ಕಟ್ಟಡ. ಎದುರಿಗೆ ಕಮಾನಿನ ಸಾಲು. ಆ ಕಮಾನಿನ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತ ಬರಹಗಾರರು! ನಮ್ಮ ತಾಲ್ಲೂಕು ಕಚೇರಿ ಎದುರು ಹುಣಸೆ ಮರದ ಕೆಳಗೆ ಕೂರುತ್ತಿದ್ದರಲ್ಲ, ಅದೇ ಥರ. ಅರ್ಜಿ, ರಸೀದಿ, ಪ್ರೇಮಪತ್ರ ಏನು ಬೇಕಾದರೂ ಬರೆದುಕೊಡುತ್ತಾರೆ. ವಯಸ್ಸಾದ ಒಬ್ಬರು ಕನ್ನಡಕ ಹಣೆಗೇರಿಸಿ, ಎರಡೇ ಬೆರಳಲ್ಲಿ ಟಕಟಕ ಅಂತ ಹೊಡೆಯುತ್ತಿದ್ದರು. ಎದುರಿಗೆ ಕೂತ ಹೆಂಗಸು ಹೇಳುತ್ತಿದ್ದಳು. ಅವರು ತಲೆ ಆಡಿಸುತ್ತಾ, ಅವಳು ಹೇಳಿದ್ದಕ್ಕಿಂತ ಉದ್ದವಾಗಿ ಏನೋ ಬರೆಯುತ್ತಿದ್ದರು. ಅರ್ಜಿಯ ಭಾಷೆಯೇ ಬೇರೆ, ಯಾವ ಊರಾದರೂ.

ರಾಜನ ಹುಕುಂ ಬಂದಾಗ ಏನಾಗುತ್ತಿತ್ತು ಗೊತ್ತಾ? ಕೆಳಗೆ 'ನಾನು, ಅರಸ' ಅಂತಷ್ಟೇ ಸಹಿ ಇರುತ್ತಿತ್ತು. ಅಧಿಕಾರಿ ಎದ್ದು ನಿಂತು ಆ ಕಾಗದಕ್ಕೆ ಮುತ್ತಿಟ್ಟು, ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದ. ನಾವು 'ಅಪ್ಪಣೆ ಶಿರಸಾವಹಿಸಿ' ಅಂತ ಬರೀ ಬಾಯಲ್ಲಿ ಹೇಳುತ್ತೇವೆ. ಅವರು ನಿಜಕ್ಕೂ ತಲೆ ಮೇಲೆ ಹೊರುತ್ತಿದ್ದರು. ಹೊತ್ತುಕೊಂಡು ಏನು ಹೇಳುತ್ತಿದ್ದರು? 'ವಿಧೇಯನಾಗಿದ್ದೇನೆ, ಆದರೆ ಜಾರಿ ಮಾಡುವುದಿಲ್ಲ.' ಇದಕ್ಕೆ ಕಾನೂನಿನಲ್ಲೇ ಅವಕಾಶ ಇತ್ತು! ರಾಜನಿಗೆ ಇಲ್ಲಿಯ ಪರಿಸ್ಥಿತಿ ಗೊತ್ತಿಲ್ಲದೆ ಹುಕುಂ ಮಾಡಿರಬಹುದು, ವಿವರ ಬರೆದು ಕಳಿಸುತ್ತೇವೆ, ಉತ್ತರ ಬರುವವರೆಗೆ ತಡೆಹಿಡಿದಿದ್ದೇವೆ ಅಂತ ಅರ್ಥ. ಹಡಗು ಸಮುದ್ರ ದಾಟಲು ಎರಡು ಮೂರು ತಿಂಗಳು. ಉತ್ತರ ಕೈಗೆ ಬರುವಷ್ಟರಲ್ಲಿ ವರ್ಷ ಆದರೂ ಆಯಿತು. ನನ್ನ ಸರ್ವೀಸಿನಲ್ಲಿ 'ಸ್ಪಷ್ಟೀಕರಣ ಕೋರಿದೆ' ಅಂತ ಬರೆದು ಎಷ್ಟು ಫೈಲು ಮೇಲಕ್ಕೆ ಕಳಿಸಿದ್ದೇನೋ ಲೆಕ್ಕವಿಲ್ಲ. ಇಲ್ಲಿ ನನ್ನ ಗುರುಗಳಿದ್ದರು ಅನ್ನಿಸಿತು.

ಇದನ್ನು ತಮಾಷೆ ಅಂದುಕೊಳ್ಳಬೇಡಿ. ಇದರಲ್ಲೇ ಒಬ್ಬ ಉಳಿದ, ಒಬ್ಬ ಸತ್ತ. 1542ರಲ್ಲಿ ರಾಜ ಹೊಸ ಕಾನೂನು ತಂದ. ಕೊರ್ಟೆಸ್‌ನ ಜೊತೆ ಬಂದ ಹಲವರಿಗೆ ಸ್ಥಳೀಯರಿಂದ ಕಪ್ಪ ಮತ್ತು ಬಿಟ್ಟಿ ದುಡಿಮೆ ಪಡೆಯುವ ಹಕ್ಕು ಸಿಕ್ಕಿತ್ತು. ಅದು ಇನ್ನು ಮಕ್ಕಳಿಗೆ ಹೋಗುವಂತಿಲ್ಲ ಅಂದ. ಮೆಕ್ಸಿಕೊದ ಮೊದಲ ವೈಸ್‌ರಾಯ್ ಅಂತೋನಿಯೊ ದೆ ಮೆಂದೋಸ ಇಲ್ಲಿಗೆ ಬಂದದ್ದು 1535ರಲ್ಲಿ. ಇಲ್ಲಿಯ ಗಾಳಿ ಅವನಿಗೆ ಗೊತ್ತಿತ್ತು. ಜನ ರೊಚ್ಚಿಗೇಳುತ್ತಾರೆ ಅಂತ ಗೊತ್ತಾಗಿ ಜಾರಿಯನ್ನು ತಡೆಹಿಡಿಸಿದ. ಪೆರುವಿಗೆ ಹೊಸದಾಗಿ ಬಂದ ಬ್ಲಾಸ್ಕೊ ನುನ್ಯೆಸ್ ವೇಲಾ ಮಾತ್ರ ಹುಕುಂ ಅಂದ್ರೆ ಹುಕುಂ ಅಂದ. ಅಲ್ಲಿಯ ಸ್ಪೇನಿನವರೇ ದಂಗೆ ಎದ್ದರು. 1546ರ ಯುದ್ಧದಲ್ಲಿ ಅವನ ತಲೆ ಕಡಿದರು. ಮೆಂದೋಸ 1550ರವರೆಗೆ ಇಲ್ಲಿ ಆಳಿ, ಆಮೇಲೆ ಅದೇ ಪೆರುವಿಗೆ ವರ್ಗವಾಗಿ ಹೋದ. ಆದರೂ ನನಗೆ ಮೆಂದೋಸನ ಜಾಣತನ ಪೂರ್ತಿ ಮೆಚ್ಚಲಾಗಲಿಲ್ಲ. ಅವನು ತಡೆಹಿಡಿದ ಕಾಗದದಿಂದ ಬದುಕಿದ್ದು ಜಮೀನ್ದಾರರು. ಬಿಟ್ಟಿ ದುಡಿದವರು ದುಡಿಯುತ್ತಲೇ ಇದ್ದರು.

ಮಧ್ಯಾಹ್ನ ಕೊರ್ಟೆಸ್‌ನ ಸಮಾಧಿ ಹುಡುಕಿಕೊಂಡು ಹೋದೆವು. ಅವನೇ ಕಟ್ಟಿಸಿದ ಆಸ್ಪತ್ರೆಯ ಪಕ್ಕದ ಚರ್ಚಿನ ಗೋಡೆಯಲ್ಲಿ ಒಂದು ಚಿಕ್ಕ ಫಲಕ. ಹೆಸರು, 1485–1547, ಅಷ್ಟೇ. ದೇಶ ಗೆದ್ದುಕೊಟ್ಟವನನ್ನು ರಾಜ ವೈಸ್‌ರಾಯ್ ಮಾಡಲಿಲ್ಲ. ಜಹಗೀರು, ಪದವಿ ಕೊಟ್ಟು ಸುಮ್ಮನಿರಿಸಿ, ಆ ಕುರ್ಚಿಗೆ ತನ್ನವನಾದ ಮೆಂದೋಸನನ್ನು ಕಳಿಸಿದ.

ಸಂಜೆ ಎಲ್ ಕಬಯೀತೊ, ಅಂದರೆ 'ಪುಟ್ಟ ಕುದುರೆ' ನೋಡಿದೆವು. ಹೆಸರಿಗೆ ಪುಟ್ಟದು. ಕಂಚಿನ ಭಾರೀ ಕುದುರೆಯ ಮೇಲೆ ರೋಮನ್ನರ ವೇಷದಲ್ಲಿ ಸ್ಪೇನಿನ ರಾಜ ನಾಲ್ಕನೇ ಕಾರ್ಲೋಸ್ ಕೂತಿದ್ದಾನೆ. ಬ್ರಾನ್ಸಿಫೋರ್ತೆ ಅನ್ನುವ ವೈಸ್‌ರಾಯ್ ರಾಜನನ್ನು ಓಲೈಸಲು ಮಾಡಿಸಲು ಹಚ್ಚಿದ್ದು. ಶಿಲ್ಪಿ ಮನುಎಲ್ ತೊಲ್ಸಾ. ಸೊಕಾಲೊದಲ್ಲಿ ಅನಾವರಣವಾದದ್ದು 1803ರಲ್ಲಿ. ಐದೇ ವರ್ಷಕ್ಕೆ, 1808ರಲ್ಲಿ, ನೆಪೋಲಿಯನ್ ಆ ರಾಜಮನೆತನದ ಕಿರೀಟವನ್ನೇ ಕಿತ್ತುಕೊಂಡ. ಇಲ್ಲಿ ಪ್ರಶ್ನೆ ಎದ್ದಿತು. ರಾಜನೇ ಇಲ್ಲದ ಮೇಲೆ ವೈಸ್‌ರಾಯ್ ಯಾರ ಬದಲಿಗೆ ಕೂತಿದ್ದಾನೆ? ಪ್ರತಿಮೆ ಅನಾವರಣ ಮಾಡಿದ್ದ ವೈಸ್‌ರಾಯ್ ಇತುರ್ರಿಗರಾಯ್‌ನನ್ನೇ ಆ ಸೆಪ್ಟೆಂಬರಿನ ಒಂದು ರಾತ್ರಿ ಊರಿನ ಸ್ಪೇನಿಶ್ ವ್ಯಾಪಾರಿಗಳು ಅರಮನೆಗೆ ನುಗ್ಗಿ ಹಿಡಿದು ಇಳಿಸಿದರು.

ಪ್ರತಿಮೆಯ ಪೀಠದಲ್ಲಿ ಒಂದು ಬರಹವಿದೆ. ಮಗಳು ಓದಿ ಹೇಳಿದಳು. ಮೆಕ್ಸಿಕೊ ಇದನ್ನು ಕಲಾಕೃತಿ ಅಂತ ಇಟ್ಟುಕೊಂಡಿದೆ ಅಂತ. ಅಂದರೆ ಮರ್ಯಾದೆ ಕುದುರೆಗೆ, ಸವಾರನಿಗಲ್ಲ! ಆ ಸವಾರ ಮಾತ್ರವಲ್ಲ, ಆ ಮುನ್ನೂರು ವರ್ಷದಲ್ಲಿ ಸ್ಪೇನಿನ ಯಾವ ದೊರೆಯೂ ಈ ನೆಲಕ್ಕೆ ಕಾಲಿಟ್ಟಿರಲಿಲ್ಲ.

ಮೂರನೇ ದಿನ, ಗುರುವಾರ

ಊರಿನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ಹೋದರೆ ತೆಪೊತ್ಸೊತ್ಲಾನ್. ಹೆಸರು ಹೇಳಲು ನನಗೆ ಅರ್ಧ ದಿನ ಬೇಕಾಯಿತು. ಅಲ್ಲಿ ಜೆಸುಯಿಟ್ ಅನ್ನುವ ಕ್ರೈಸ್ತ ಪಾದ್ರಿಗಳ ಪಂಗಡದ ಹಳೇ ಕಾಲೇಜಿನಲ್ಲಿ ವೈಸ್‌ರಾಯ್‌ಗಳ ಕಾಲದ ರಾಷ್ಟ್ರೀಯ ಮ್ಯೂಸಿಯಂ ಇದೆ. ಚರ್ಚಿನ ಒಳಗೆ ಕಾಲಿಟ್ಟರೆ ನೆಲದಿಂದ ಚಾವಣಿವರೆಗೆ ಚಿನ್ನದ ರೇಕು ಹಚ್ಚಿದ ಕೆತ್ತನೆ. ಖಾಲಿ ಜಾಗ ಅಂತ ಒಂದು ಗೇಣೂ ಇಲ್ಲ. ಹೆಂಡತಿ ಕೈಮುಗಿದು, 'ಒರೆಸೋದು ಹೇಗ್ರೀ ಇದನ್ನ?' ಅಂದಳು.

ಇಷ್ಟೆಲ್ಲ ಕಟ್ಟಿಕೊಂಡ ಜೆಸುಯಿಟರನ್ನು ಒಂದೇ ಬೆಳಗಿನಲ್ಲಿ ಹೊರಗೆ ಹಾಕಿದರು. 1767ರ ಜೂನ್ 25. ಮೂರನೇ ಕಾರ್ಲೋಸ್‌ನ ಹುಕುಂ ಮೊಹರು ಹಾಕಿದ ಲಕೋಟೆಯಲ್ಲಿ ಊರೂರಿಗೆ ಹೋಗಿತ್ತು. ಹೇಳಿದ ಗಳಿಗೆಗೆ ಮುಂಚೆ ಒಡೆಯುವಂತಿಲ್ಲ. ಬೆಳಗಾಗುವ ಮುಂಚೆ ಒಡೆದು ನೋಡಿದರೆ ಮಠಗಳನ್ನು ಸುತ್ತುವರಿಯಿರಿ, ಪಾದ್ರಿಗಳನ್ನು ಬಂದರಿಗೆ ಸಾಗಿಸಿ ಅಂತ ಇತ್ತು. ಈ ಸಲ 'ಜಾರಿ ಮಾಡುವುದಿಲ್ಲ' ಅನ್ನಲು ಯಾರಿಗೂ ಪುರುಸೊತ್ತೇ ಸಿಗಲಿಲ್ಲ. ಅವತ್ತಿನ ವೈಸ್‌ರಾಯ್ ದೆ ಕ್ರುವಾ ಡಂಗುರ ಹೊಡೆಸಿದ. ಪ್ರಜೆಗಳು ಹುಟ್ಟಿರುವುದು ಬಾಯಿ ಮುಚ್ಚಿಕೊಂಡು ಹೇಳಿದ್ದು ಕೇಳಲಿಕ್ಕೆ, ಸರ್ಕಾರದ ದೊಡ್ಡ ವಿಷಯಗಳನ್ನು ಚರ್ಚೆ ಮಾಡಲಿಕ್ಕಲ್ಲ ಅಂತ. ಅವನ ಪಕ್ಕದಲ್ಲೇ ನಿಂತು ಈ ಕೆಲಸ ಮಾಡಿಸಿದವನು ರಾಜ ಕಳಿಸಿದ್ದ ವಿಶೇಷ ತನಿಖಾಧಿಕಾರಿ ಹೋಸೆ ದೆ ಗಾಲ್ವೆಸ್. ನಮ್ಮ ಗ್ಯಾಲ್ವೆಸ್ಟನ್ ಗಾಲ್ವೆಸ್‌ನ ಚಿಕ್ಕಪ್ಪ!

ತನಿಖಾಧಿಕಾರಿ ಬಂದರೆ ವೈಸ್‌ರಾಯ್‌ಗೂ ನಡುಕ. ಯಾವ ಕಚೇರಿಯ ಕಡತವನ್ನಾದರೂ ತರಿಸಬಹುದು, ಯಾರನ್ನಾದರೂ ಕೇಳಬಹುದು.

ನಾಲ್ಕನೇ ದಿನ, ಶುಕ್ರವಾರ

ಬಸ್ಸಿನಲ್ಲಿ ಪುಯೆಬ್ಲಾ. ಎರಡು ಗಂಟೆ ಚಿಲ್ಲರೆ. ನೋಡಬೇಕಾದದ್ದು ಬಿಷಪ್ ಹುವಾನ್ ದೆ ಪಲಾಫೋಕ್ಸ್‌ನ ಲೈಬ್ರರಿ. 1646ರಲ್ಲಿ ಅವನು ಕೊಟ್ಟ 5,000 ಪುಸ್ತಕದಿಂದ ಶುರುವಾಗಿದ್ದು, ಈಗ 45,000ಕ್ಕೂ ಹೆಚ್ಚು. ಮೂರು ಅಂತಸ್ತಿನ ಮರದ ಕಪಾಟು, ಬೆನ್ನಿಗೆ ಚರ್ಮದ ಹೊದಿಕೆಯ ಹೊತ್ತಗೆಗಳು. ಹಳೇ ರೆಕಾರ್ಡ್ ರೂಮಿನ ವಾಸನೆ ಮೂಗಿಗೆ ಬಂತು, ಧೂಳು ಒಂದು ಇರಲಿಲ್ಲ.

ಈ ಬಿಷಪ್ ಸಾಮಾನ್ಯನಲ್ಲ. ಅವನೂ ತನಿಖೆಗೆಂದು ಬಂದವನೇ. 1640ರಲ್ಲಿ ಪೋರ್ಚುಗಲ್ ಸ್ಪೇನಿನ ಕೈಯಿಂದ ಬಿಡಿಸಿಕೊಂಡಿತು. ಆಗ ಇಲ್ಲಿ ವೈಸ್‌ರಾಯ್ ಆಗಿದ್ದ ವಿಲ್ಯೇನ, ದಂಗೆ ಎದ್ದು ಪೋರ್ಚುಗಲ್ ರಾಜನಾದವನ ಸಂಬಂಧಿಕ. ಅಷ್ಟೇ ಸಾಕಾಯಿತು ಅನುಮಾನಕ್ಕೆ. ಸ್ಪೇನಿನಿಂದ ಪಲಾಫೋಕ್ಸ್ ಹೆಸರಿಗೆ ಗುಟ್ಟಿನ ಪತ್ರ ಬಂತು. 1642ರ ಜೂನಿನಲ್ಲಿ ಅವನು ಸದ್ದಿಲ್ಲದೆ ರಾಜಧಾನಿಗೆ ಹೋಗಿ, ರಾತ್ರೋರಾತ್ರಿ ನ್ಯಾಯಾಧೀಶರನ್ನು ಕರೆಸಿ ಪತ್ರ ತೋರಿಸಿ, ಅರಮನೆ ವಶಕ್ಕೆ ತೆಗೆದುಕೊಂಡ. ಸುಮಾರು ಐದು ತಿಂಗಳು ಅವನೇ ವೈಸ್‌ರಾಯ್. ವಿಲ್ಯೇನ ಸ್ಪೇನಿಗೆ ಹೋಗಿ, ತಪ್ಪಿಲ್ಲ ಅನ್ನಿಸಿಕೊಂಡು ಹೊರಬಂದ. ಆದರೆ ಹೋದ ಕುರ್ಚಿ ಹೋಯಿತು.

ಪೋರ್ಚುಗಲ್ ಅಂದ ತಕ್ಷಣ ಹಳೇ ಗೋವಾ ನೆನಪಾಯಿತು. ಮಾಂಡೋವಿ ದಂಡೆಯಲ್ಲಿ ವೈಸ್‌ರಾಯ್‌ಗಳ ಕಮಾನು ಇದೆಯಲ್ಲ, ವಾಸ್ಕೊ ಡ ಗಾಮನ ಮರಿಮಗ 1599ರಲ್ಲಿ ಕಟ್ಟಿಸಿದ್ದು. ಆ ಹೊತ್ತಿಗೆ ಪೋರ್ಚುಗಲ್‌ಗೂ ಸ್ಪೇನಿಗೂ ಒಬ್ಬನೇ ರಾಜ. ಅಂದರೆ 1580ರಿಂದ 1640ರವರೆಗೆ ನಮ್ಮ ಪಕ್ಕದ ಗೋವಾದ ವೈಸ್‌ರಾಯ್‌ಗೂ ಮೆಕ್ಸಿಕೊದ ವೈಸ್‌ರಾಯ್‌ಗೂ ಮೇಲಧಿಕಾರಿ ಒಬ್ಬನೇ. ಕಚೇರಿ ಬೇರೆ ಬೇರೆ, ಅಷ್ಟೇ.

ಅಲ್ಲಿಂದ ಜೆಸುಯಿಟರ ಚರ್ಚಿಗೆ ಹೋದೆವು. ಅಲ್ಲಿ ಕತರೀನಾ ದೆ ಸಾನ್ ಹುವಾನ್ ಸಮಾಧಿ ಇದೆ. ಅವಳು ನಮ್ಮ ದೇಶದವಳು. ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದು, ಮನಿಲಾದಲ್ಲಿ ಮಾರಿ, ಅಲ್ಲಿಂದ ಹಡಗಿನಲ್ಲಿ ಈ ಕಡೆ ಬಂದವಳು. ಒಬ್ಬ ವೈಸ್‌ರಾಯ್ ತನಗೊಬ್ಬಳು ಹುಡುಗಿ ಬೇಕು ಅಂತ ಹೇಳಿ ತರಿಸಿದ್ದ, ದಾರಿಯಲ್ಲಿ ಪುಯೆಬ್ಲಾದವರು ಕೊಂಡುಕೊಂಡರು ಅಂತ ಕಥೆ. 1688ರಲ್ಲಿ ಸತ್ತಾಗ ಊರೇ ಅವಳನ್ನು ಸಂತಳೆಂದು ಪೂಜಿಸುತ್ತಿತ್ತು. ಅವಳ ನಿಜವಾದ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಹೆಂಡತಿ ಅಲ್ಲಿ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತಳು.

ರಾತ್ರಿ ಊಟಕ್ಕೆ ಮೋಲೆ. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟು ಎಲ್ಲ ಅರೆದು ಮಾಡುವ ಕಪ್ಪು ಗೊಜ್ಜು. ಸಾಮಾನ್ಯವಾಗಿ ಕೋಳಿ ಸಾರು ಹಾಕುತ್ತಾರೆ, ಕೇಳಿ ಹಾಕದಿರುವುದನ್ನು ತರಿಸಿದೆವು. ಬಣ್ಣ ನೋಡಿದರೆ ಬ್ಯಾಡಗಿ, ಬಾಯಿಗಿಟ್ಟರೆ ಬೇರೆಯೇ. ಮೆಣಸಿನಕಾಯಿ ಈ ಕಡೆಯಿಂದಲೇ ಪೋರ್ಚುಗೀಸರ ಕೈಯಲ್ಲಿ ನಮ್ಮಲ್ಲಿಗೆ ಬಂದದ್ದು. ಬ್ಯಾಡಗಿ ಸಂತೆಯಲ್ಲಿ ಇದನ್ನು ಹೇಳಿದರೆ ಯಾರೂ ನಂಬಲ್ಲ.

ಐದನೇ ದಿನ, ಶನಿವಾರ

ಹೊಟ್ಟೆ ಕೆಟ್ಟಿತು. ರೂಮಿನಲ್ಲೇ ಮಲಗಿದೆ. ಅವರಿಬ್ಬರೂ ಸಂತೆಗೆ ಹೋದರು.

ಮಲಗಿಕೊಂಡು ರೆಸಿದೆನ್ಸಿಯಾ ಬಗ್ಗೆ ಯೋಚಿಸಿದೆ. ವೈಸ್‌ರಾಯ್ ಅಧಿಕಾರ ಮುಗಿದ ಮೇಲೆ ನಡೆಯುವ ವಿಚಾರಣೆ ಅದು. ಊರಲ್ಲಿ ಸಾರುತ್ತಾರೆ: ಇಂಥವನ ಮೇಲೆ ದೂರಿದ್ದವರು ಬನ್ನಿ. ಯಾರು ಬೇಕಾದರೂ ಬರಬಹುದು, ಅಲ್ಲಿಯ ಮೂಲನಿವಾಸಿಗಳೂ. ಅಧಿಕಾರದಲ್ಲಿದ್ದಾಗಲೂ ಕಟ್ಟುಪಾಡು ಕಮ್ಮಿ ಇರಲಿಲ್ಲ. ಅಪ್ಪಣೆಯಿಲ್ಲದೆ ಮಕ್ಕಳಿಗೆ ಇಲ್ಲಿ ಮದುವೆ ಮಾಡುವಂತಿಲ್ಲ, ಜಮೀನು ಕೊಳ್ಳುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಮಾಡಿದವರು ಮಾಡಿದರು, ಆ ಮಾತು ಬೇರೆ.

1789ರಲ್ಲಿ ಬಂದ ವೈಸ್‌ರಾಯ್ ರೆವಿಯಹಿಹೇದೊ ಒಳ್ಳೇ ಆಡಳಿತಗಾರ. ಬೀದಿಗೆ ದೀಪ ಹಾಕಿಸಿದ, ಚರಂಡಿ ಮಾಡಿಸಿದ, ಜನಗಣತಿ ಮಾಡಿಸಿದ. ಸೊಕಾಲೊ ಸಮತಟ್ಟು ಮಾಡುವಾಗಲೇ 1790ರಲ್ಲಿ ಅಜ್ಟೆಕರ ಆ ದೊಡ್ಡ ಸೂರ್ಯಶಿಲೆ ಸಿಕ್ಕಿತು. ಅವನ ಮೇಲೂ ನಗರಸಭೆಯವರು ದೂರು ಕೊಟ್ಟರು, ಇಷ್ಟೊಂದು ಖರ್ಚು ಯಾಕೆ ಅಂತ. ನಿರ್ದೋಷಿ ಅಂತ ತೀರ್ಪು ಬರುವ ಹೊತ್ತಿಗೆ ಅವನು ತೀರಿಕೊಂಡಿದ್ದ.

ನನ್ನ ಪಿಂಚಣಿಗೂ ಒಂದು ನೋ ಡ್ಯೂ ಸರ್ಟಿಫಿಕೇಟ್ ಹನ್ನೊಂದು ತಿಂಗಳು ಬರಲಿಲ್ಲ. ಯಾವತ್ತೋ ಕೆಲಸ ಮಾಡಿದ ಕಚೇರಿಯ ಒಂದು ಕಬ್ಬಿಣದ ಬೀರು ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ. ನಾನು ಬದುಕಿರುವಾಗಲೇ ಬಂತು, ಪುಣ್ಯ.

ಆರನೇ ದಿನ, ಭಾನುವಾರ

ಮೆಕ್ಸಿಕೊ ಸಿಟಿಯ ಚಪುಲ್ತೆಪೆಕ್ ಗುಡ್ಡ. ಭಾನುವಾರವಾದ್ದರಿಂದ ಜಾತ್ರೆಯಂಥ ಜನ. ಮೆಲ್ಲಗೆ ಹತ್ತಿದೆವು. ಮೇಲಿನ ಕೋಟೆಮನೆ ಕಟ್ಟಿಸಲು ಶುರು ಮಾಡಿದವನು ಬರ್ನಾರ್ಡೊ ದೆ ಗಾಲ್ವೆಸ್, 1785ರಲ್ಲಿ. ಬೇಸಿಗೆಯ ಮನೆ ಅಂದ. ಗುಡ್ಡದ ತುದಿಯಲ್ಲಿ ಇಷ್ಟು ಭದ್ರವಾದ ಮನೆ ಯಾಕೆ, ಇವನಿಗೆ ತಾನೇ ರಾಜನಾಗುವ ಮನಸ್ಸಿದೆಯಾ ಅಂತ ಗುಸುಗುಸು ಶುರುವಾಯಿತು. ಜನರಿಗೆ ಅವನ ಮೇಲೆ ಪ್ರೀತಿ ಬೇರೆ ಇತ್ತು. ಅವನು ಬಂದ ವರ್ಷವೇ ಭೀಕರ ಬರ. ಸ್ವಂತ ದುಡ್ಡು ಹಾಕಿ ಕಾಳು ತರಿಸಿದ. ಜನರಿಗೆ ಹತ್ತಿರವಾದ ನೌಕರನನ್ನು ಕಂಡರೆ ಮೇಲಿನವರಿಗೆ ಯಾವಾಗಲೂ ಅನುಮಾನ. 1786ರ ನವೆಂಬರ್ 30ಕ್ಕೆ ಕಾಯಿಲೆಯಿಂದ ಸತ್ತ. ವಯಸ್ಸು ನಲವತ್ತು. ಮನೆ ಅರ್ಧಕ್ಕೆ ನಿಂತಿತು. ಹರಾಜಿಗಿಟ್ಟರೂ ಕೊಳ್ಳುವವರು ಬರಲಿಲ್ಲ.

ಈಗ ಅದು ಇತಿಹಾಸದ ಮ್ಯೂಸಿಯಂ. ಒಳಗೆ ವೈಸ್‌ರಾಯ್‌ಗಳ ಚಿತ್ರಗಳು ಸಾಲಾಗಿವೆ. ಮೆಂದೋಸನಿಂದ ಹಿಡಿದು ಅರವತ್ತಕ್ಕೂ ಹೆಚ್ಚು ಜನ ಆ ಕುರ್ಚಿಯಲ್ಲಿ ಕೂತರು. ನಮ್ಮ ಕಚೇರಿಗಳಲ್ಲಿ 'ಸೇವೆ ಸಲ್ಲಿಸಿದ ಅಧಿಕಾರಿಗಳು' ಅಂತ ಬೋರ್ಡ್ ಇರುತ್ತಲ್ಲ, ಅದನ್ನೇ ಬಣ್ಣದಲ್ಲಿ ಬರೆಸಿದ ಹಾಗೆ.

ಅಲ್ಲಿ ಗಾಲ್ವೆಸ್‌ನ ಒಂದು ದೊಡ್ಡ ಚಿತ್ರ ನೋಡಿ ನಿಂತುಬಿಟ್ಟೆ. ಅವನು ಸತ್ತು ಹತ್ತು ವರ್ಷದ ಮೇಲೆ, 1796ರಲ್ಲಿ, ಇಬ್ಬರು ಪಾದ್ರಿಗಳು ಬರೆದದ್ದು. ಮುಖ ಮಾಮೂಲಿ ಬಣ್ಣದಲ್ಲಿ ಇದೆ, ಕೆನ್ನೆ ತುಂಬಿದ ಗಂಭೀರ ಮುಖ. ಆದರೆ ಕುದುರೆ? ಕುದುರೆಯಿಲ್ಲ. ಬರೀ ಗೆರೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆ ಸುರುಳಿ ಸುತ್ತಿ, ಬಳುಕಿ, ಮತ್ತೆ ಸುತ್ತಿ ಮುಂಗಾಲೆತ್ತಿದ ಕುದುರೆಯಾಗಿದೆ. ಹಳೇ ಗುಮಾಸ್ತರು ಸಹಿಯ ಕೆಳಗೆ ಲೇಖನಿ ಎತ್ತದೆ ಒಂದು ಚಿತ್ತಾರ ಎಳೆಯುತ್ತಿದ್ದರಲ್ಲ, ಥೇಟ್ ಅದೇ. ಬಾಲದ ಹತ್ತಿರ ಬಗ್ಗಿ ನೋಡಿದೆ. ಗೆರೆ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗಲಿಲ್ಲ. ಕಾವಲಿನ ಹುಡುಗಿ ಕೈ ಸನ್ನೆ ಮಾಡಿ ಹಿಂದೆ ಸರಿಸಿದಳು.

'ಅಪ್ಪಾ, ಬುಧವಾರ ನೋಡಿದ್ದಕ್ಕಿಂತ ಈ ಕುದುರೆನೇ ಚೆನ್ನಾಗಿದೆ' ಅಂದಳು ಮಗಳು. ಹೌದು. ಅಲ್ಲಿ ಬಾರದ ರಾಜನಿಗೆ ಕಂಚಿನ ಕುದುರೆ, ಇಲ್ಲಿ ಬಂದು ಬರ ನೋಡಿ ಸತ್ತ ನೌಕರನಿಗೆ ಲೇಖನಿಯ ಕುದುರೆ.

ಏಳನೇ ದಿನ, ಸೋಮವಾರ

ಮ್ಯೂಸಿಯಂಗಳಿಗೆಲ್ಲ ರಜೆ. ವಿಮಾನ ಸಂಜೆಗೆ. ಬೆಳಿಗ್ಗೆ ಸಾನ್ ಫೆರ್ನಾಂದೊ ಚರ್ಚಿಗೆ ಹೋದೆವು. ಗಾಲ್ವೆಸ್ ಅಪ್ಪ ಮಗ ಇಬ್ಬರನ್ನೂ ಇಲ್ಲೇ ಮಣ್ಣು ಮಾಡಿದ್ದು. ಇಬ್ಬರೂ ಅಧಿಕಾರದಲ್ಲಿದ್ದಾಗಲೇ, ಎರಡೇ ವರ್ಷದ ಅಂತರದಲ್ಲಿ ಸತ್ತವರು. ಎರಡು ಸಲವೂ ಆಡಿಯೆನ್ಸಿಯಾದ ನ್ಯಾಯಾಧೀಶರೇ ಪ್ರಭಾರ ವಹಿಸಿಕೊಂಡರು. ಸ್ಪೇನಿನಿಂದ ಮುಂದಿನ ಕಾಗದ ಬರುವವರೆಗೆ ಯಾರಾದರೂ ಸಹಿ ಹಾಕಬೇಕಲ್ಲ.

ಒಳಗೆ ಒಬ್ಬಳು ಅಜ್ಜಿ ನೆಲ ಒರೆಸುತ್ತಿದ್ದಳು, ಅಷ್ಟೇ. ಶನಿವಾರದ ಸಂತೆಯಲ್ಲಿ ಹೆಂಡತಿ ತಂದಿದ್ದ ಹೂವಿನಲ್ಲಿ ಸ್ವಲ್ಪ ಬಾಡದೆ ಉಳಿದಿತ್ತು. ಚೆಂಡುಹೂವು, ಅದೂ ಇಲ್ಲಿಯದೇ ಅಂತೆ. ಅವಳ ಚೀಲದಿಂದ ಎರಡು ತೆಗೆದು ಕೆಳಗಿಟ್ಟೆ.

'ಅಲ್ರೀ, ಇವನು ನಿಮಗೇನಾಗಬೇಕು?' ಅಂದಳು.

'ನಮ್ಮ ಇಲಾಖೆಯವನು' ಅಂದೆ.

ಹೊರಗೆ ಟ್ಯಾಕ್ಸಿ ಬಂದಿತ್ತು.